20x30 ಸೈಟಿನಲ್ಲಿ ಮೂರು ಬಾಡಿಗೆ ಮನೆ

ಮನೆ ರಿಜಿಸ್ಟರ್ ಆಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಒಂದು ಭಾನುವಾರ ಬೆಳಗ್ಗೆ ಕೆಳಗಿನ ಮನೆಯ ಬಾಡಿಗೆದಾರರು ಫೋನ್ ಮಾಡಿದರು. "ಮೇಡಂ, ಮುಂದಿನ ತಿಂಗಳು ಖಾಲಿ ಮಾಡ್ತಿದ್ದೀವಿ. ಅಡ್ವಾನ್ಸ್ 80 ಸಾವಿರ ರೆಡಿ ಮಾಡ್ಕೊಳ್ಳಿ."

"ಅದನ್ನ ನೀವು ಹಳೇ ಓನರ್‌ಗೆ ತಾನೇ ಕೊಟ್ಟಿದ್ದು?" ಅಂದೆ.

"ಹೌದು ಮೇಡಂ. ಆದ್ರೆ ಈಗ ಬಾಡಿಗೆ ತಗೊಳ್ತಿರೋದು ನೀವಲ್ವಾ? ಕೀ ಯಾರ ಕೈಗೆ ಕೊಡ್ತೀನೋ ಅವರ ಹತ್ರಾನೇ ದುಡ್ಡು ಇಸ್ಕೊಳ್ಳೋದು."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಳೇ ಓನರ್‌ಗೆ ಫೋನ್ ಮಾಡಿದರೆ, "ಅದೆಲ್ಲ ವ್ಯಾಪಾರದಲ್ಲೇ ಸೇರಿಹೋಯ್ತಲ್ಲಮ್ಮ" ಅಂತ ಹೇಳಿ ಇಟ್ಟುಬಿಟ್ಟರು. ಇದ್ದಬದ್ದ ದುಡ್ಡೆಲ್ಲ ರಿಜಿಸ್ಟ್ರೇಷನ್‌ಗೆ ಸುರಿದಿದ್ದೆವು. ಕೊನೆಗೆ ನನ್ನ ಎರಡು ಬಳೆ ಅಡ ಇಟ್ಟು 80 ಸಾವಿರ ಎಣಿಸಿಕೊಟ್ಟೆ.

ಇದು 2016ರ ಮಾತು. ನಾನು ಹೈಸ್ಕೂಲ್ ಟೀಚರ್, ನಮ್ಮ ಮನೆಯವರು ಫ್ಯಾಕ್ಟರಿ ಕೆಲಸ. ಬೆಂಗಳೂರಿನ ಮಲ್ಲತ್ತಹಳ್ಳಿ ಕಡೆ 20x30 ಸೈಟಿನಲ್ಲಿ ಹಳೇ ಕಟ್ಟಡ ಸಿಕ್ಕಿತ್ತು. ಕೆಳಗೊಂದು, ಮೇಲೊಂದು, ಅದರ ಮೇಲೆ ಶೀಟ್ ಹಾಕಿದ ಚಿಕ್ಕ ಮನೆ. ಬೆಲೆ 62 ಲಕ್ಷ. 40 ಲಕ್ಷ ಬ್ಯಾಂಕ್ ಸಾಲ, ಉಳಿದದ್ದು ಉಳಿತಾಯ ಮತ್ತು ಊರಿನ ಜಮೀನು ಮಾರಿದ್ದು. ಸ್ಟಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಅಂತ ಆಗ 6.6 ಪರ್ಸೆಂಟ್, ಅಂದರೆ ಇನ್ನೂ ನಾಲ್ಕು ಲಕ್ಷದ ಮೇಲೆ ಹೋಯಿತು. 2025ರ ಆಗಸ್ಟ್ ಕೊನೆಯಿಂದ ರಿಜಿಸ್ಟ್ರೇಷನ್ ಫೀಸು 1ರಿಂದ 2 ಪರ್ಸೆಂಟ್ ಆಗಿದೆ. ಈಗ ತಗೊಳ್ಳುವವರು ಅದನ್ನೂ ಸೇರಿಸಿಕೊಂಡೇ ಲೆಕ್ಕ ಹಾಕಿ.

ಕಾಗದ ಪತ್ರದ ವಿಷಯದಲ್ಲಿ ನಾವು ಹುಷಾರಾಗಿಯೇ ಇದ್ದೆವು. ಲಾಯರ್ ಹತ್ತಿರ 30 ವರ್ಷದ ಇಸಿ (ಆಸ್ತಿಯ ಮೇಲೆ ರಿಜಿಸ್ಟರ್ ಆದ ಮಾರಾಟ, ಸಾಲಗಳ ಪಟ್ಟಿ) ತೋರಿಸಿದ್ದೆವು, ಮೂಲ ಪತ್ರ ನೋಡಿಸಿದ್ದೆವು, ಕಾರ್ಪೊರೇಷನ್ ದಾಖಲೆಯಲ್ಲಿ ಎ ಖಾತಾನಾ (ಎಲ್ಲ ನಿಯಮದ ಪ್ರಕಾರ ಇರುವುದು) ಬಿ ಖಾತಾನಾ (ಕೊರತೆ ಇರುವುದು) ಅಂತ ವಿಚಾರಿಸಿದ್ದೆವು. ಆದರೆ ಬಾಡಿಗೆದಾರರು ಕೊಟ್ಟ ಅಡ್ವಾನ್ಸ್ ಇಸಿಯಲ್ಲಿ ಕಾಣುವುದಿಲ್ಲ. ಒಂದು ವರ್ಷ ದಾಟಿದ ಕರಾರನ್ನು ರಿಜಿಸ್ಟರ್ ಮಾಡಿಸಬೇಕು ಅನ್ನುವ ಕಾರಣಕ್ಕೇ ಎಲ್ಲರೂ 11 ತಿಂಗಳಿಗೆ ಬರೆಯುವುದು. ರಿಜಿಸ್ಟರ್ ಆಗದ್ದು ಇಸಿಗೆ ಬರುವುದೆಲ್ಲಿಂದ? ಸುಮ್ನೆ ಛಾಪಾ ಕಾಗದದಲ್ಲಿ ಬರೆದುಕೊಂಡ ಭೋಗ್ಯದ ಪತ್ರವೂ ಹಾಗೆಯೇ (ಭೋಗ್ಯ ಅಂದರೆ ತಿಂಗಳ ಬಾಡಿಗೆ ಬದಲು ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಇರುವುದು, ಬಿಡುವಾಗ ಅದು ವಾಪಸ್).

ಹಾಗಾಗಿ ಬಾಡಿಗೆದಾರರು ಇರುವ ಕಟ್ಟಡ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ಸೇಲ್ ಡೀಡ್‌ಗೆ ಮುಂಚೆ ಒಂದೊಂದು ಬಾಗಿಲೂ ತಟ್ಟಿ. ಯಾವಾಗ ಬಂದಿರಿ, ಅಡ್ವಾನ್ಸ್ ಎಷ್ಟು, ಬಾಡಿಗೆಗೋ ಭೋಗ್ಯಕ್ಕೋ ಕೇಳಿ. ಅಗ್ರಿಮೆಂಟ್ ಫೋಟೋ ತೆಗೆದುಕೊಳ್ಳಿ, ಮೊತ್ತ ಬರೆದು ಅವರಿಂದ ಸಹಿ ಹಾಕಿಸಿಕೊಳ್ಳಿ. ಆ ಮೊತ್ತವನ್ನೆಲ್ಲ ಕೂಡಿ ಬೆಲೆಯಲ್ಲಿ ಕಳೆದು ಕೊಡಿ. ಮಾರುವವರು ಮುಖ ಗಂಟಿಕ್ಕಬಹುದು, ಗಂಟಿಕ್ಕಲಿ ಬಿಡಿ.

ಇನ್ನು ವರ್ಷದ ಲೆಕ್ಕ. ಮೂರು ಮನೆಗೆ 9,000, 10,500, 7,500. ತಿಂಗಳಿಗೆ 27 ಸಾವಿರ, ವರ್ಷಕ್ಕೆ 3 ಲಕ್ಷ 24 ಸಾವಿರ. ಕ್ಯಾಲೆಂಡರ್ ಹಿಂದೆ ಬರೆದುಕೊಂಡು ಖುಷಿಪಟ್ಟಿದ್ದೆ. ಆದದ್ದೇ ಬೇರೆ. ಶೀಟ್ ಮನೆ ಎರಡು ತಿಂಗಳು ಖಾಲಿ, ಅಲ್ಲಿಗೆ 15 ಸಾವಿರ ಹೋಯಿತು. ಬಣ್ಣಕ್ಕೆ 28 ಸಾವಿರ. ಮಳೆಗಾಲದಲ್ಲಿ ಮೊದಲ ಮಹಡಿ ಬಾತ್‌ರೂಂ ಗೋಡೆಯಿಂದ ಕೆಳಗಿನ ಅಡುಗೆಮನೆಗೆ ನೀರು ಇಳಿಯಿತು. ಅದನ್ನು ಒಡೆದು ಸರಿ ಮಾಡಿಸಲು 35 ಸಾವಿರ. ಮೋಟರ್ ಸುಟ್ಟು ವೈಂಡಿಂಗ್‌ಗೆ ಆರೂವರೆ ಸಾವಿರ, ಕಂದಾಯ ಏಳೂವರೆ ಸಾವಿರ. ಕೈಗೆ ಉಳಿದದ್ದು 2 ಲಕ್ಷ 32 ಸಾವಿರ, ಅಂದರೆ ತಿಂಗಳಿಗೆ 19 ಸಾವಿರ ಚಿಲ್ಲರೆ. ಸಾಲದ ಕಂತು 37,285. ತಿಂಗಳು ತಿಂಗಳೂ 18 ಸಾವಿರ ನಮ್ಮ ಸಂಬಳದಿಂದಲೇ ಹಾಕಬೇಕಾಯಿತು. ಬಾಡಿಗೆಯೇ ಕಂತು ಕಟ್ಟಿಬಿಡುತ್ತದೆ ಅಂತ ಯಾರಾದರೂ ಹೇಳಿದರೆ, ಅವರ ಮೊದಲ ವರ್ಷದ ಲೆಕ್ಕದ ಪುಸ್ತಕ ತೋರಿಸಿ ಅನ್ನಿ.

ಅದೇ ಹೊತ್ತಿಗೆ ಬ್ರೋಕರ್ ಒಬ್ಬ ಬಂದ. "ಮೊದಲ ಮಹಡಿ ಲೀಸ್‌ಗೆ ಹಾಕಿ ಸಾರ್, ಮೂರು ವರ್ಷಕ್ಕೆ ಏಳು ಲಕ್ಷ ಕೊಡಿಸ್ತೀನಿ. ಬ್ಯಾಂಕಿಗೆ ಕಟ್ಟಿಬಿಡಿ, ಬಡ್ಡಿ ಉಳಿಯುತ್ತೆ." ಲೀಸ್ ಅಂದರೆ ಅದೇ ಭೋಗ್ಯ. ನಮ್ಮ ಮನೆಯವರು ಹೂಂ ಅನ್ನುವುದರಲ್ಲಿದ್ದರು. ನಾನು ಪೆನ್ನು ತಗೊಂಡೆ. ಆ ಮನೆಯ ಬಾಡಿಗೆ ವರ್ಷಕ್ಕೆ 1 ಲಕ್ಷ 26 ಸಾವಿರ. ಅದನ್ನು ಬಿಟ್ಟುಕೊಟ್ಟು ಏಳು ಲಕ್ಷ ತಗೊಂಡರೆ ನೂರಕ್ಕೆ 18ರ ಬಡ್ಡಿ ಆಯಿತು. ಬ್ಯಾಂಕ್ ತಗೊಳ್ಳುತ್ತಿದ್ದದ್ದು ಒಂಬತ್ತೂವರೆ. ಮೂರು ವರ್ಷ ಆದಮೇಲೆ ಏಳು ಲಕ್ಷ ಒಟ್ಟಿಗೆ ವಾಪಸ್ ಬೇರೆ ಕೊಡಬೇಕು. ಆಗ ಇನ್ನೊಬ್ಬರನ್ನು ಲೀಸ್‌ಗೆ ಕರೆತಂದು ಇವರಿಗೆ ಕೊಡುವುದು. ಆ ಸುಳಿಯಿಂದ ಹೊರಗೆ ಬರಲಾಗದೆ ಮನೆಯನ್ನೇ ಮಾರಿದವರನ್ನು ನಮ್ಮ ರಸ್ತೆಯಲ್ಲೇ ನೋಡಿದ್ದೇನೆ.

ಅಡ್ವಾನ್ಸನ್ನೂ ನಾನು ಹಾಗೆಯೇ ನೋಡುತ್ತೇನೆ. ಅದು ಬಡ್ಡಿ ಇಲ್ಲದ ಸಾಲ, ಅಷ್ಟೇ. ಆಗ ಎಲ್ಲರೂ ಹತ್ತು ತಿಂಗಳ ಬಾಡಿಗೆ ಕೇಳುತ್ತಿದ್ದರು. ನಾನು ಐದಕ್ಕೆ ಇಳಿಸಿದೆ. ಅದಕ್ಕೇ ಅಂತ ಬೇರೆ ಖಾತೆ ಇದೆ, ಬಂದದ್ದು ಎಫ್‌ಡಿ. ಬಡ್ಡಿ ಬಣ್ಣಕ್ಕೆ. ಹೋಗುವ ದಿನ ಮೀಟರ್ ರೀಡಿಂಗ್ ನೋಡಿ, ನಲ್ಲಿ, ಸ್ವಿಚ್ಚು ನೋಡಿ, ಅಲ್ಲೇ ನಿಂತು ದುಡ್ಡು ಹಾಕಿಬಿಡುತ್ತೇನೆ. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಇದೆಯಲ್ಲ, ಮೂರು ವರ್ಷ ದಾಟಿದವರಿಗೆ ನಾನು ಹಿಡಿಯುವುದಿಲ್ಲ. ಅಷ್ಟು ವರ್ಷ ಆದಮೇಲೆ ಗೋಡೆ ಹೇಗೂ ಮಾಸುತ್ತದೆ. ಬರುವಾಗ ಮಾತ್ರ ಪ್ರತಿ ರೂಮಿನ ವಿಡಿಯೋ ಮಾಡಿ ಅವರಿಗೂ ವಾಟ್ಸಾಪ್ ಮಾಡುತ್ತೇನೆ. ಆಮೇಲೆ ಈ ಟೈಲ್ಸ್ ಮೊದಲೇ ಒಡೆದಿತ್ತು, ಒಡೆದಿರಲಿಲ್ಲ ಅನ್ನುವ ಜಗಳವೇ ಇಲ್ಲ.

ಮನೆ ನೋಡಲು ಬಂದವರನ್ನು "ನೀವು ಯಾವ ಜನ?" ಅಂತ ಕೇಳುವುದನ್ನು ಮೊದಲ ವರ್ಷವೇ ಬಿಟ್ಟೆ. ಕೇಳಿದ್ದೆ, ಸುಳ್ಳು ಹೇಳುವುದಿಲ್ಲ. ಅತ್ತೆ ಹೇಳಿದ್ದರು ಅಂತ. ಶೀಟ್ ಮನೆ ಎರಡು ತಿಂಗಳು ಖಾಲಿ ಬಿದ್ದದ್ದು ಅದರಿಂದಲೇ. ಈಗ ಕೇಳುವುದು ನಾಲ್ಕೇ: ಎಷ್ಟು ಜನ, ಗಾಡಿ ಎಷ್ಟು, ಎಲ್ಲಿ ಕೆಲಸ, ಸಂಬಳ ಯಾವ ತಾರೀಕು. ಏಳಕ್ಕೆ ಸಂಬಳ ಆಗುವವರಿಗೆ ಐದಕ್ಕೆ ಬಾಡಿಗೆ ಕೊಡಿ ಅಂತ ಬರೆದರೆ ತಿಂಗಳು ತಿಂಗಳೂ ಇಬ್ಬರಿಗೂ ಕಿರಿಕಿರಿ.

ಮೀಟರ್ ವಿಷಯ ನನಗೆ ತಡವಾಗಿ ಅರ್ಥವಾಯಿತು. ಕೆಳಗಿನ ಎರಡು ಮನೆಗೆ ಬೆಸ್ಕಾಂ ಮೀಟರ್ ಇತ್ತು, ಶೀಟ್ ಮನೆಗೆ ಬರೀ ಸಬ್ ಮೀಟರ್. 2023ರಲ್ಲಿ ಗೃಹಜ್ಯೋತಿ ಬಂತು. ಬಾಡಿಗೆದಾರರೂ ಅರ್ಜಿ ಹಾಕಬಹುದು, ಆದರೆ ಆರ್‌ಆರ್ ನಂಬರ್ (ಬೆಸ್ಕಾಂ ತನ್ನ ಒಂದೊಂದು ಸಂಪರ್ಕಕ್ಕೂ ಕೊಡುವ ನಂಬರ್) ಬೇಕು. ಸಬ್ ಮೀಟರ್‌ಗೆ ಅದೆಲ್ಲಿ? ಕೆಳಗಿನವರಿಬ್ಬರ ಬಿಲ್ ಸೊನ್ನೆ, ಮೇಲಿನವರು ನನಗೆ ಕರೆಂಟ್ ದುಡ್ಡು ಕೊಡಬೇಕು. ಒಂದೇ ಕಟ್ಟಡದಲ್ಲಿ ಹೀಗಾದರೆ ಯಾರಿಗೆ ಬೇಜಾರಾಗಲ್ಲ ಹೇಳಿ? ನಾಲ್ಕು ತಿಂಗಳಲ್ಲಿ ಬೇರೆ ಮನೆ ನೋಡಿಕೊಂಡರು. ಕೊಳ್ಳುವಾಗ ಮನೆ ಎಷ್ಟು ಅಂತ ಎಣಿಸಿದ ಮೇಲೆ ಮೀಟರ್ ಎಷ್ಟು ಅಂತಲೂ ಎಣಿಸಿ.

ನೀರೂ ಅಷ್ಟೇ. 2024ರ ಬೇಸಿಗೆಯಲ್ಲಿ ನಮ್ಮ ಬೋರ್ ಒಣಗಿತು. 700ಕ್ಕೆ ಬರುತ್ತಿದ್ದ ಟ್ಯಾಂಕರ್‌ಗೆ 1,500 ಕೊಟ್ಟೆವು. ಸಂಪ್ ಚಿಕ್ಕದು, ಟ್ಯಾಂಕರ್‌ನ ಅರ್ಧ ನೀರೂ ಹಿಡಿಯುತ್ತಿರಲಿಲ್ಲ. ಉಳಿದದ್ದನ್ನು ಪಕ್ಕದ ಮನೆಯವರ ಸಂಪಿಗೆ ಬಿಡಿಸಿ, ದುಡ್ಡು ಹಂಚಿಕೊಂಡು ಆ ಮೂರು ತಿಂಗಳು ಕಳೆದೆವು. ಕಟ್ಟಡ ನೋಡಲು ಹೋದಾಗ ಹಾಲ್ ಎಷ್ಟು ದೊಡ್ಡದಿದೆ ಅಂತ ನೋಡುವ ಬದಲು ಸಂಪಿನ ಮುಚ್ಚಳ ಎತ್ತಿಸಿ ನೋಡಬೇಕಿತ್ತು.

ಆದಾಯ ತೆರಿಗೆ ಬಗ್ಗೆ ಸ್ವಲ್ಪ. ಕೈಗೆ ಬಂದ ಬಾಡಿಗೆಯಲ್ಲಿ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ 30 ಪರ್ಸೆಂಟ್ ರಿಪೇರಿ ಅದು ಇದು ಅಂತ ಬಿಡುತ್ತಾರೆ. ಬಿಲ್ ಕೇಳುವುದಿಲ್ಲ. ಆದರೆ ಬಣ್ಣಕ್ಕೆ ಜಾಸ್ತಿ ಖರ್ಚಾಯಿತು ಅಂತ ಜಾಸ್ತಿ ಬಿಡುವುದೂ ಇಲ್ಲ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಹಳೇ ಪದ್ಧತಿಯಲ್ಲಿ ಅದರಿಂದ ನಷ್ಟ ಬಂದರೆ ವರ್ಷಕ್ಕೆ ಎರಡು ಲಕ್ಷದವರೆಗೆ ಸಂಬಳದಲ್ಲಿ ಕಳೆಯಲು ಬಿಡುತ್ತಾರೆ, ಹೊಸ ಪದ್ಧತಿಯಲ್ಲಿ ಆ ಅವಕಾಶ ಇಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಸದಕ್ಕೆ ಹೋದರು ಅಂತ ನೀವೂ ಹೋಗಬೇಡಿ. ಎರಡನ್ನೂ ಹಾಕಿ ನೋಡಿ.

ಬಳೆ ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಹಿಡಿಯಿತು. ಈಗ ಶೀಟ್ ಮನೆ ಮತ್ತೆ ಖಾಲಿ ಇದೆ. ಹೋದವರ ಅಡ್ವಾನ್ಸ್ ಅವತ್ತೇ ವಾಪಸ್ ಹೋಯಿತು. ಪೇಂಟರ್ ಮಾತ್ರ ಮೂರು ದಿನದಿಂದ "ನಾಳೆ ಬರ್ತೀನಿ ಮೇಡಂ" ಅನ್ನುತ್ತಲೇ ಇದ್ದಾನೆ.