ರೊಟ್ಟಿ ಘಟಕಕ್ಕೆ ಸಾಲ-ಸಹಾಯಧನ: ಅರ್ಜಿ ಎಡವುವುದು ಯೋಜನಾ ವರದಿಯಲ್ಲಿ

ಮನೆಯಲ್ಲೇ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುವವರಿಗೆ ಪಿಎಂಎಫ್‌ಎಂಇ (ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗೆ ನೆರವಾಗುವ ಪ್ರಧಾನಮಂತ್ರಿ ಯೋಜನೆ) ಒಳ್ಳೆಯ ಯೋಜನೆ. 2020ರಲ್ಲಿ ಶುರುವಾದ ಇದರಲ್ಲಿ ಸಿಗುವ ಸಹಾಯಧನ ಘಟಕದ ವೆಚ್ಚದ ಶೇ 35. ಕರ್ನಾಟಕ ಸರ್ಕಾರ ಇನ್ನೂ ಶೇ 15 ಸೇರಿಸುವುದರಿಂದ ನಮ್ಮಲ್ಲಿ ಅದು ಶೇ 50, ಗರಿಷ್ಠ 15 ಲಕ್ಷ ರೂಪಾಯಿ. ಇಷ್ಟಿದ್ದರೂ ಅರ್ಜಿ ಹಾಕಿದ ಎಷ್ಟೋ ಹೆಣ್ಣುಮಕ್ಕಳು ಬ್ಯಾಂಕಿನಿಂದ ಬರಿಗೈಲಿ ಬಂದದ್ದನ್ನು ನೋಡಿದ್ದೇನೆ.

ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಯೆಂದು ಸರ್ಕಾರದಲ್ಲಿ ಹೆಸರು ಬರೆಸುವುದು. ಆಧಾರ್, ಪ್ಯಾನ್ ಇದ್ದರೆ ಸರ್ಕಾರಿ ಜಾಲತಾಣದಲ್ಲಿ ಉಚಿತ. ದುಡ್ಡು ಕೇಳುವ ಜಾಲತಾಣ ಕಂಡರೆ ಮುಚ್ಚಿಬಿಡಿ.

ಎರಡನೆಯದು, ಜಂಟಿ ಕೃಷಿ ನಿರ್ದೇಶಕರ ಕಚೇರಿಗೆ ಹೋಗಿ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಯಾರೆಂದು ಕೇಳಿ. ವರದಿ, ಅರ್ಜಿ, ಬ್ಯಾಂಕಿನ ಓಡಾಟಕ್ಕೆಲ್ಲ ಅವರು ನೆರವಾಗಬೇಕು. ಅವರ ಸಂಭಾವನೆ ಯೋಜನೆಯಿಂದಲೇ ಹೋಗುತ್ತದೆ, ನೀವು ಕೊಡಬೇಕಿಲ್ಲ.

ಮೂರನೆಯದು ಯೋಜನಾ ವರದಿ, ಅಂದರೆ ಘಟಕದ ಖರ್ಚು-ಆದಾಯದ ಲೆಕ್ಕ. ಕೆಡುವುದು ಇಲ್ಲೇ. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಿದ್ಧ ವರದಿ ಖಂಡಿತ ಬೇಡ. ಒಬ್ಬ ತಾಯಿಯ ವರದಿಯಲ್ಲಿ ವರ್ಷಕ್ಕೆ 360 ದಿನ ಕೆಲಸ, ದಿನಕ್ಕೆ 3,000 ರೊಟ್ಟಿ ಎಂದಿತ್ತು. 'ಇಷ್ಟು ರೊಟ್ಟಿ ಯಾರಿಗೆ ಮಾರ್ತೀರಮ್ಮ?' ಎಂದರು ಮ್ಯಾನೇಜರ್. ಆಕೆ ಸೆರಗಿನ ಅಂಚು ತಿರುವುತ್ತ ಸುಮ್ಮನೆ ಕೂತರು. ಮೂವತ್ತು ವರ್ಷ ರೊಟ್ಟಿ ಬಡಿದ ಕೈ ಅದು, ಕಾಗದದಲ್ಲಿದ್ದ ಲೆಕ್ಕ ಮಾತ್ರ ಆಕೆಯದಲ್ಲ.

ಆದ್ದರಿಂದ ಬರೆಯಿಸುವ ಮೊದಲು ಒಂದು ಕಿಲೋ ಜೋಳದ ಹಿಟ್ಟು ತೂಗಿ ರೊಟ್ಟಿ ಮಾಡಿ. ಎಷ್ಟು ಬಂದವು, ಒಣಗಿಸುವಾಗ ಎಷ್ಟು ಮುರಿದವು, ಉರುವಲಿಗೆಷ್ಟು, ಪ್ಯಾಕೆಟ್ಟಿಗೆಷ್ಟು, ಎಲ್ಲ ಗೀಚಿಕೊಳ್ಳಿ. ಈಗ ಕೊಳ್ಳುತ್ತಿರುವ ಖಾನಾವಳಿ, ಕಿರಾಣಿ ಅಂಗಡಿಗಳ ಪಟ್ಟಿ ಮಾಡಿ, ಅವರಿಂದ ಒಂದೊಂದು ಚೀಟಿ ಬರೆಸಿಕೊಳ್ಳಿ. ಹಬ್ಬ, ಸುಗ್ಗಿ, ಕರೆಂಟು ಹೋಗುವ ದಿನ ಕಳೆದು ವರ್ಷಕ್ಕೆ 250 ದಿನ ಹಿಡಿಯಿರಿ. ಜಾಗದ ಬೆಲೆಯನ್ನು ವೆಚ್ಚಕ್ಕೆ ಸೇರಿಸಬೇಡಿ, ಯೋಜನೆ ಒಪ್ಪುವುದಿಲ್ಲ. ಯಂತ್ರದ ಕೊಟೇಶನ್ ಎರಡು ಕಡೆ ತನ್ನಿ. ಅಗ್ಗವೆಂದು ತೆಳು ತಗಡಿನ ಯಂತ್ರ ಕೊಳ್ಳಬೇಡಿ, ದುರಸ್ತಿಗೆ ನಿಮ್ಮ ತಾಲ್ಲೂಕಿಗೇ ಜನ ಬರುವ ಕಂಪನಿಯನ್ನೇ ಆರಿಸಿ. ಸಾಲ ಮಂಜೂರಾಗುವ ಮೊದಲು ಮುಂಗಡ ಕೊಡಲೇಬೇಡಿ.

ಅರ್ಜಿ ಆನ್‌ಲೈನ್‌ನಲ್ಲಿ, ಅರ್ಧ ದಿನದ ಕೆಲಸ.

ಇನ್ನು ದುಡ್ಡಿನ ವಿಷಯ. 4 ಲಕ್ಷದ ಘಟಕವೆಂದರೆ ಶೇ 10ರಂತೆ 40,000 ನಿಮ್ಮದು, ಉಳಿದ 3.60 ಲಕ್ಷ ಬ್ಯಾಂಕ್ ಸಾಲ. ಸಹಾಯಧನದ 2 ಲಕ್ಷ ನಿಮ್ಮ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲೇ ಬೇರೆಯಾಗಿ ಕೂತಿರುತ್ತದೆ. ಘಟಕ ನಡೆಯುತ್ತ, ಕಂತು ತಪ್ಪದೆ ಮೂರು ವರ್ಷ ಕಳೆದರೆ ಸಾಲಕ್ಕೆ ಜಮೆಯಾಗುತ್ತದೆ. ಇದನ್ನರಿಯದೆ ಆ ಹಣ ನಂಬಿ ಮಗಳ ಮದುವೆಗೆ ದಿನ ಗೊತ್ತುಮಾಡಿದವರಿದ್ದಾರೆ.

ಇಷ್ಟು ಸಾಲಕ್ಕೆ ಅಂಜಿಕೆಯೇ? ಸ್ವಸಹಾಯ ಸಂಘದಲ್ಲಿದ್ದು ಆಹಾರ ತಯಾರಿಸುವವರಿಗೆ ಇದೇ ಯೋಜನೆಯಡಿ ತಲಾ 40,000 ರೂಪಾಯಿವರೆಗೆ ಬೀಜಧನವಿದೆ. ಹೊಸಬರು ಅದರಿಂದಲೇ ಶುರು ಮಾಡಿ, ದೊಡ್ಡ ಯಂತ್ರ ಆಮೇಲೆ ತರಬಹುದು.