ಲಿವರ್‌ಮೋರ್‌ನಲ್ಲಿ ಮನೆ ಹಿಡಿಯುವ ಮುನ್ನ

ದೇವಸ್ಥಾನ ಹತ್ತಿರ, ದ್ರಾಕ್ಷಿತೋಟ ಚೆಂದ ಎಂದು ಕ್ಯಾಲಿಫೋರ್ನಿಯಾದ ಈ ಊರಿಗೆ ಬರುವವರು ಬೆಳಗಿನ ಆಫೀಸು ದಾರಿಯ ಲೆಕ್ಕವನ್ನೇ ಬಿಟ್ಟಿರುತ್ತಾರೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಯಾವುದಾದರೂ ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ 580 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಕಾರು ಓಡಿಸಿ ನೋಡಿ. ಟ್ರೇಸಿ, ಮೌಂಟನ್ ಹೌಸ್ ಕಡೆಯವರೆಲ್ಲ ಆಲ್ಟಮಾಂಟ್ ಘಾಟಿ ಇಳಿದು ಇದೇ ರಸ್ತೆಗೆ ಬಂದು ಬೀಳುತ್ತಾರೆ. ಸುಂಕ ಕೊಟ್ಟು ಹೋಗುವ ಎಕ್ಸ್‌ಪ್ರೆಸ್ ಲೇನಿಗೆ ಫಾಸ್ಟ್‌ಟ್ರ್ಯಾಕ್ ಟ್ಯಾಗ್ ಬೇಕೇ ಬೇಕು. ಜೊತೆಗೆ ಜನ ಇದ್ದರೂ ಕಾರಿನಲ್ಲಿ ಎಷ್ಟು ಜನ ಎಂದು ತೋರಿಸುವ ಫ್ಲೆಕ್ಸ್ ಟ್ಯಾಗಿನ ಸ್ವಿಚ್ಚು 1ರಲ್ಲೇ ಉಳಿದಿದ್ದರೆ ಪೂರ್ತಿ ಸುಂಕ ಕತ್ತರಿಸುತ್ತದೆ.

ಬಾರ್ಟ್ ಮೆಟ್ರೋ ರೈಲು ಇಲ್ಲಿಗೆ ಬರುವುದಿಲ್ಲ, ಡಬ್ಲಿನ್-ಪ್ಲೆಸೆಂಟನ್‌ನಲ್ಲೇ ಕೊನೆ. ಅಲ್ಲಿಯವರೆಗೆ ವೀಲ್ಸ್ ಬಸ್ಸು ಇದೆ. ಫ್ರೀಮಾಂಟ್, ಸಾಂಟಾ ಕ್ಲಾರಾ, ಸ್ಯಾನ್ ಹೋಸೆ ಕಡೆ ಕೆಲಸವಾದರೆ ಎಸಿಇ ರೈಲೇ ಮೇಲು. ಊರಲ್ಲಿ ಲಿವರ್‌ಮೋರ್, ವಾಸ್ಕೋ ಎಂದು ಎರಡು ನಿಲ್ದಾಣ. ಬೆಳಿಗ್ಗೆ ನಾಲ್ಕೇ ರೈಲು, ನಾಲ್ಕೂ ಪಶ್ಚಿಮಕ್ಕೆ. ಸಂಜೆ ನಾಲ್ಕೂ ವಾಪಸು. ಮಧ್ಯಾಹ್ನ ಮಗುವಿಗೆ ಜ್ವರ ಎಂದು ಶಾಲೆಯಿಂದ ಫೋನ್ ಬಂದರೆ ಮರಳಲು ಈ ರೈಲು ಇಲ್ಲ, ಬೇರೆ ದಾರಿ ಯೋಚಿಸಿಟ್ಟಿರಿ. ಊರಿನ ರಾಷ್ಟ್ರೀಯ ಪ್ರಯೋಗಾಲಯದ ಕೆಲಸ ನೆಚ್ಚಿ ಬರುವ ಎಚ್-1ಬಿಯವರಿಗೂ ಒಂದು ಮಾತು: ಅಲ್ಲಿನ ಬಹಳಷ್ಟು ಹುದ್ದೆಗಳಿಗೆ ಅಮೆರಿಕದ ಪೌರತ್ವ ಬೇಕು.

ಹೆದ್ದಾರಿಯ ಉತ್ತರಕ್ಕೆ ಶಿವ-ವಿಷ್ಣು ದೇವಸ್ಥಾನ, ಸುತ್ತಲೂ ಮನೆಗಳು. ಹಬ್ಬದ ದಿನ ಯಾರದೋ ಗ್ಯಾರೇಜಿಗೆ ಅಡ್ಡ ಕಾರು ನಿಲ್ಲಿಸಿದರೆ ಟೋ ಆಗುತ್ತದೆ. ದಕ್ಷಿಣಕ್ಕೆ ಟೆಸ್ಲಾ ರಸ್ತೆಯ ತೋಟಗಳು (ಹೆಸರು ಕಾರಿನದಲ್ಲ, ವಿಜ್ಞಾನಿ ನಿಕೋಲಾ ಟೆಸ್ಲಾ ಅವರ ಹೆಸರನ್ನು ಇಟ್ಟಿದ್ದ ಹಳೆಯ ಕಲ್ಲಿದ್ದಲು ಗಣಿಯೂರಿನದು). ವೆಂಟೆ, ಕಾನ್‌ಕ್ಯಾನನ್ ಎಂಬ ವೈನ್ ತೋಟಗಳೆರಡೂ 1883ರವು.

ವೈನ್ ರುಚಿ ನೋಡುವ ಒಂದು ಸುತ್ತಿನಲ್ಲಿ ನಾಲ್ಕೈದು ಬಗೆ, ಒಂದೊಂದೂ ಸುಮಾರು 30 ಮಿ.ಲೀ. ಗುಟುಕು ಎನಿಸುತ್ತದೆ, ಆದರೆ ಎರಡು ತೋಟ ಮುಗಿಸುವಷ್ಟರಲ್ಲಿ ಎರಡು ಪೂರ್ತಿ ಲೋಟ ಒಳಗಿಳಿದಿರುತ್ತದೆ. ಮೇಜಿನ ಮೇಲಿನ ಪಾತ್ರೆ ಉಗುಳಲೆಂದೇ ಇಟ್ಟದ್ದು, ಸಂಕೋಚ ಬೇಡ. ಬಿಳಿಯಿಂದ ಶುರುಮಾಡಿ, ಪೆಟೀಟ್ ಸಿರಾ ಎಂಬ ಗಾಢ ಕೆಂಪು ವೈನ್ ಮೊದಲು ಕುಡಿದರೆ ಅದರ ಒಗರು ನಾಲಿಗೆಗೆ ಕೂತು ಉಳಿದದ್ದೆಲ್ಲ ನೀರೆನಿಸುತ್ತದೆ. ಕುಡಿಯದ ಅತ್ತೆ-ಮಾವಂದಿರನ್ನು ಕರೆದೊಯ್ಯುವುದಾದರೆ ಮೊದಲೇ ಕೇಳಿಕೊಳ್ಳಿ, ಕೆಲವೆಡೆ ಕೂರುವ ಪ್ರತಿಯೊಬ್ಬರಿಗೂ ಶುಲ್ಕ. ಬಿರಡೆ ತೆಗೆದ ಸೀಸೆ ಡಿಕ್ಕಿಯಲ್ಲೇ ಇರಬೇಕು. ಸೀಟಿನ ಪಕ್ಕ ಸಿಕ್ಕರೆ ದಂಡ.

ಬೇಸಿಗೆಯಲ್ಲಿ 38 ಡಿಗ್ರಿ ದಾಟುವುದು ಮಾಮೂಲು. ಎಸಿಯನ್ನು ಮನೆ ನೋಡುವಾಗಲೇ ಹಾಕಿಸಿ ನೋಡಿ. ಸಂಜೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಕಡೆಯಿಂದ ತಂಪು ಗಾಳಿ ಬರುತ್ತದೆ. ರಾತ್ರಿ ಕಿಟಕಿ ತೆರೆದು ಬೆಳಿಗ್ಗೆ ಬಿಸಿಲೇರುವ ಮೊದಲೇ ಮುಚ್ಚಿದರೆ ಮಧ್ಯಾಹ್ನದವರೆಗೆ ಎಸಿ ಬೇಕಾಗದು.