ಎರಡು ಕಿಟ್ ಬಿಚ್ಚಿಟ್ಟ ಮೇಲೆ ಕೈಗೆ ಕೂತ ಗೇರ್

ಹೋದ ತಿಂಗಳು ನನ್ನ ಕಾರು ಓಡಿಸಿ ಬಂದ ಗೆಳೆಯ ಇಳಿಯುವ ಮೊದಲೇ ಕೇಳಿದ, "ಯಾವ ಕಿಟ್ ಹಾಕಿಸ್ದೆ?" ಕಿಟ್ ಇಲ್ಲ ಅಂದೆ. ನಂಬಲಿಲ್ಲ. ಗೇರ್ ಲಿವರ್ ಸುತ್ತಲಿನ ಬೂಟ್ (ಹೊದಿಕೆ) ಎತ್ತಿ ತೋರಿಸಬೇಕಾಯಿತು. ಎರಡು ವರ್ಷದ ಹಿಂದೆ ನಾನು ದುಬಾರಿ ಶಾರ್ಟ್ ಶಿಫ್ಟರ್ ಕಿಟ್ (ಗೇರ್ ಹಾಕಲು ಕೈ ಕಡಿಮೆ ಓಡುವಂತೆ ಮಾಡುವ ಲಿವರ್) ಬಿಚ್ಚಿ ಡಬ್ಬಕ್ಕೆ ಹಾಕಿದಾಗ "ಕಿಟ್‌ದೇನೂ ತಪ್ಪಿಲ್ಲ, ನಿಂಗೆ ಅಭ್ಯಾಸ ಆಗ್ಬೇಕು ಅಷ್ಟೆ" ಅಂದವನು ಇವನೇ. ಲೇಥ್‌ನಲ್ಲಿ ಲಿವರ್ ಮಾಡಿಸುತ್ತೇನೆ ಅಂದಾಗ ಉಳಿದವರೂ ಬೇಡವೆಂದೇ ಹೇಳಿದ್ದರು. ಆ ಲಿವರ್ ಈಗ ಸುಮಾರು 14 ಸಾವಿರ ಕಿ.ಮೀ. ಓಡಿದೆ. ಬರೆಯುವ ಧೈರ್ಯ ಈಗ ಬಂದಿದೆ.

ಕಾರು ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5. 1.6 ಲೀಟರ್, 5 ಗೇರ್. ಲಿವರ್ ಗೇರ್‌ಬಾಕ್ಸಿನ ತಲೆಯ ಮೇಲೆಯೇ ಕೂತಿದೆ, ಮಧ್ಯೆ ಕೇಬಲ್ ಇಲ್ಲ. ಈ ಗೇರನ್ನು ಜನ ಹೊಗಳುವುದೇ ಅದಕ್ಕೆ. ನನ್ನ ಕೈಗೆ ಬಂದಾಗ ಮಾತ್ರ ಆ ಹೊಗಳಿಕೆಗೆ ತಕ್ಕದ್ದೇನೂ ಉಳಿದಿರಲಿಲ್ಲ. ಗೇರಿನಲ್ಲಿದ್ದಾಗಲೂ ನಾಬ್, ಅಂದರೆ ಲಿವರಿನ ತುದಿಯ ಹಿಡಿ, ಎರಡು ಬೆರಳಿನಷ್ಟು ಅತ್ತಿತ್ತ ಆಡುತ್ತಿತ್ತು. ಬೆಳಗಿನ ಚಳಿಯಲ್ಲಿ ಎರಡನೇ ಗೇರ್ ಕರಕರ ಅನ್ನುತ್ತಿತ್ತು. ಅದೇ ಹೊತ್ತಿಗೆ ಒಬ್ಬರ ಹೋಂಡಾ ಎಸ್2000 ಓಡಿಸುವ ಅವಕಾಶ ಸಿಕ್ಕಿತು. ಮಣಿಕಟ್ಟು ತಿರುಗಿಸಿದರೆ ಸಾಕು, ಗೇರ್ ಬೀಳುತ್ತಿತ್ತು. ಮನೆಗೆ ಬಂದವನೇ ಅವತ್ತೇ ರಾತ್ರಿ ಕಿಟ್ ಆರ್ಡರ್ ಮಾಡಿದೆ. ನನ್ನ ಲಿವರಿನಲ್ಲಿ ಏನು ಕೆಟ್ಟಿದೆ ಎಂದು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ಇಡೀ ಖರ್ಚಿನ ಮೂಲ ಅದೊಂದೇ.

ಮೊದಲನೆಯ ಕಿಟ್ "40% ಶಾರ್ಟ್" ಎಂಬ ಮಾತಿಗೆ ಮರುಳಾಗಿ ಕೊಂಡದ್ದು. ಅಳತೆ ಹೇಳಿಬಿಡುತ್ತೇನೆ, ನಿಮ್ಮ ಕಾರಿನದಕ್ಕೆ ಹೋಲಿಸಿಕೊಳ್ಳಬಹುದು. ನನ್ನ ಹಳೇ ಲಿವರಿನಲ್ಲಿ ಪಿವೋಟ್‌ನಿಂದ (ಲಿವರ್ ತಿರುಗುವ ಕೀಲಿನಿಂದ) ನಾಬಿನ ನಡುವಿಗೆ ಸುಮಾರು 200 ಮಿ.ಮೀ., ಪಿವೋಟ್‌ನಿಂದ ಕೆಳತುದಿಯ ಗುಂಡಿನವರೆಗೆ ಸುಮಾರು 40. ಅಂದರೆ 5ಕ್ಕೆ 1. ನ್ಯೂಟ್ರಲ್‌ನಿಂದ ಗೇರಿಗೆ ಕೈ 5 ಸೆಂ.ಮೀ. ಓಡುತ್ತಿತ್ತು, ಒಳಗೆ ಗೇರ್ ಸರಿಸುವ ರೈಲ್ 1 ಸೆಂ.ಮೀ. ಸರಿಯುತ್ತಿತ್ತು. ಕಿಟ್ ಇದನ್ನು 3ಕ್ಕೆ 1 ಮಾಡಿತು. ಕೈ ಓಡುವುದು 3 ಸೆಂ.ಮೀ.ಗೆ ಇಳಿಯಿತು. ಮೊದಲ ಅರ್ಧ ದಿನ ನನಗಿಂತ ಖುಷಿಯಾದವರು ಯಾರೂ ಇರಲಿಲ್ಲ.

ಮೂರನೇ ದಿನಕ್ಕೆ ಅಂಗೈ ನೋವು. ಟ್ರಾಫಿಕ್‌ನಲ್ಲಿ ಒಂದರಿಂದ ಎರಡಕ್ಕೆ ಹಾಕುವುದೇ ಕೆಲಸವಾಯಿತು. ಎಂಜಿನ್ ತಣ್ಣಗಿದ್ದರೆ ಎರಡನೇ ಗೇರ್ ಮೊದಲಿಗಿಂತ ಹೆಚ್ಚು ಕೂಗಿತು. ಕಡ್ಡಿ ಗಿಡ್ಡವಾದಷ್ಟು ಕೈ ಹೆಚ್ಚು ಬಲ ಹಾಕಬೇಕು ಅನ್ನುವುದು ನಿಮಗೆಲ್ಲ ಗೊತ್ತಿರುವುದೇ, ನನಗೂ ಗೊತ್ತಿತ್ತು. ಎಷ್ಟು ಹೆಚ್ಚು ಅನ್ನುವುದು ಗೊತ್ತಿರಲಿಲ್ಲ. ಆಮೇಲೆ ಸಾಮಾನು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ನಾಬಿಗೆ ಕಟ್ಟಿ, ಎಂಜಿನ್ ಐಡಲ್‌ನಲ್ಲಿಟ್ಟು, ಕ್ಲಚ್ ಒತ್ತಿ ಎರಡನೇ ಗೇರಿಗೆ ಎಳೆದು ನೋಡಿದೆ. ಹಳೇ ಲಿವರಿಗೆ ಎರಡೂವರೆ ಕಿಲೋ ಆಸುಪಾಸು, ಕಿಟ್‌ಗೆ ನಾಲ್ಕಕ್ಕೂ ಸ್ವಲ್ಪ ಮೇಲೆ. ನಿಂತ ಕಾರಿನ ಲೆಕ್ಕ ಇದು, ಓಡುವಾಗ ಇನ್ನೂ ಜಾಸ್ತಿಯೇ ಇರುತ್ತದೆ.

ಇನ್ನೊಂದು ಪ್ರಯೋಗ ನನ್ನ ಕಣ್ಣು ತೆರೆಸಿತು. ಫೋನಿನ ಸ್ಲೋ ಮೋಷನ್‌ನಲ್ಲಿ ಎರಡರಿಂದ ಮೂರಕ್ಕೆ ಹಾಕುವ ಕೈಯನ್ನು ಹಿಡಿದೆ, ಎರಡೂ ಲಿವರಿಗೆ ಹತ್ತತ್ತು ಸಲ. ಕಿಟ್‌ನಲ್ಲಿ ಕೈ ಬೇಗ ಹೊರಟು ಬೇಗ ಮುಟ್ಟುತ್ತದೆ, ಆದರೆ ಸಿಂಕ್ರೊ ರಿಂಗ್ ತಡೆಯುವ ಜಾಗದಲ್ಲಿ ನಿಂತುಬಿಡುತ್ತದೆ. ವಿಡಿಯೋದಲ್ಲಿ ಆ ನಿಲುಗಡೆ ಕಣ್ಣಿಗೇ ಕಾಣುತ್ತದೆ. ಒಳಗಿನ ಗೇರು, ಶಾಫ್ಟು ಒಂದೇ ವೇಗಕ್ಕೆ ಬರುವ ತನಕ ಆ ರಿಂಗ್ ಬಿಡುವುದಿಲ್ಲ. ಹಳೇ ಲಿವರಿನಲ್ಲಿ ಕೈ ನಿಧಾನ, ಆದರೆ ತಡೆಯುವ ಜಾಗಕ್ಕೆ ಬರುವಷ್ಟರಲ್ಲಿ ಉದ್ದ ಕಡ್ಡಿಯ ಬಲವೂ ಸಿಗುತ್ತದೆ. ಕ್ಲಚ್ ಒತ್ತಿದ್ದರಿಂದ ಬಿಟ್ಟ ತನಕ ಲೆಕ್ಕ ಹಾಕಿದರೆ ಎರಡಕ್ಕೂ ಅರ್ಧ ಸೆಕೆಂಡಿನ ಆಸುಪಾಸೇ. ಹತ್ತು ಸಲದಲ್ಲಿ ಮೂರು ಸಲ ಹಳೆಯದೇ ಮುಂದಿತ್ತು. ನನ್ನ ಗುಂಪಿನಲ್ಲಿ ಇದನ್ನು ಯಾರೂ ಒಪ್ಪಲಿಲ್ಲ. ವಿಡಿಯೋ ಇನ್ನೂ ಇಟ್ಟುಕೊಂಡಿದ್ದೇನೆ.

ಎರಡನೆಯ ಕಿಟ್ ಬೇರೆ ಕಡೆಯದು, 30% ಅಂದಿದ್ದರು. ಬಲದ ಮಟ್ಟಿಗೆ ವಾಸಿ. ಆದರೆ ಲಿವರ್ ಕೂರುವ ನೈಲಾನ್ ಬುಶ್ (ಬಳೆ) ಬದಲು ಹಿತ್ತಾಳೆಯ ಬುಶ್ ಕೊಟ್ಟಿದ್ದರು. 3 ಸಾವಿರ ಆರ್‌ಪಿಎಂ ದಾಟಿದ ಕೂಡಲೇ ಲಿವರ್ ಝೇಂಕರಿಸುತ್ತಿತ್ತು. ಗೇರ್‌ಬಾಕ್ಸಿನ ಒಂದೊಂದು ಸದ್ದೂ ನೇರ ಕ್ಯಾಬಿನ್ನಿಗೆ ಬರುತ್ತಿತ್ತು. ದೂರದ ಪ್ರಯಾಣದಲ್ಲಿ ಪಕ್ಕದ ಸೀಟಿನಲ್ಲಿದ್ದ ಹೆಂಡತಿ ಲಿವರನ್ನು ಕೈಯಲ್ಲಿ ಹಿಡಿದು ಕೂತಿದ್ದಳು, ಸದ್ದು ನಿಲ್ಲಲೆಂದು. ಅದನ್ನು ನೋಡಿ ಇದೂ ಬೇಡ ಅನ್ನಿಸಿತು. ಎರಡೂ ಕಿಟ್ ಸೇರಿ ಹೋದ ದುಡ್ಡಿನಲ್ಲಿ ನಾಲ್ಕೂ ಒಳ್ಳೆಯ ಟೈರ್ ಬರುತ್ತಿತ್ತು. ಮಾರಿದಾಗ ಮೂರನೇ ಒಂದು ಪಾಲೂ ವಾಪಸ್ ಬರಲಿಲ್ಲ. ಆ ಹೊಟ್ಟೆಯುರಿ ಇನ್ನೂ ಇದೆ.

ಎರಡನೆಯದನ್ನು ಬಿಚ್ಚುವಾಗಲೇ ಮೊದಲ ಸಲ ಒಳಗೆ ಸರಿಯಾಗಿ ದೀಪ ಹಿಡಿದು ನೋಡಿದ್ದು. ಲಿವರ್ ಕೂರುವ ಟರೆಟ್‌ಗೆ ತನ್ನದೇ ಬೇರೆ ಎಣ್ಣೆ ಇರುತ್ತದೆ, ಗೇರ್‌ಬಾಕ್ಸ್ ಎಣ್ಣೆ ಬದಲಿಸಿದರೆ ಇದು ಬದಲಾಗುವುದಿಲ್ಲ. ನನ್ನದರಲ್ಲಿ ಎಣ್ಣೆಯೇ ಇರಲಿಲ್ಲ. ತಳದಲ್ಲಿ ಕಪ್ಪು ಮೇಣದಂಥ ಅಂಟು, ಅದರಲ್ಲಿ ಹಳೇ ನೈಲಾನ್ ಬುಶ್ಶಿನ ಚೂರುಗಳು. ಒಳಗಿನ ರಬ್ಬರ್ ಬೂಟ್ ಸುತ್ತಲೂ ಹರಿದಿತ್ತು. ಬೇಸಿಗೆಯಲ್ಲಿ ನಡುವಿನ ಕನ್ಸೋಲ್ ಕಾದು ಎಣ್ಣೆ ವಾಸನೆ ಬರುತ್ತಿದ್ದದ್ದು ಈ ದಾರಿಯಿಂದಲೇ. ಎರಡು ಕಿಟ್ ಈ ಗಲೀಜಿನ ಮೇಲೆಯೇ ಕೂರಿಸಿದ್ದೆವು. ಕಿಟ್ ಹಾಕಿಕೊಟ್ಟ ಗ್ಯಾರೇಜಿನವರೂ ಒಂದು ಮಾತು ಹೇಳಿರಲಿಲ್ಲ.

ಕಂಪನಿ ಅಳತೆಯ ಬುಶ್, ವೇವ್ ವಾಷರ್ (ಅಲೆಯಂತೆ ಬಾಗಿದ, ಸ್ಪ್ರಿಂಗಿನಂತೆ ಒತ್ತುವ ಬಿಲ್ಲೆ), ಒಳಬೂಟ್, ಹೊರಬೂಟ್ ತರಿಸಿದೆ. ಎಲ್ಲ ಸೇರಿ ಮೊದಲ ಕಿಟ್ಟಿನ ಬೆಲೆಯ ಎಂಟನೇ ಒಂದು ಪಾಲಿರಬಹುದು. ಟರೆಟ್ ಪೂರ್ತಿ ತೊಳೆದು, ಹೊಸ ಎಣ್ಣೆ 80 ಎಂ.ಎಲ್. ಚಿಲ್ಲರೆ ಹಾಕಿ, ಹಳೇ ಉದ್ದ ಲಿವರನ್ನೇ ಕೂರಿಸಿದೆ. ಕೆಲಸ ಒಂದು ಮಧ್ಯಾಹ್ನದ್ದು. ನಾಬ್ ಆಡುವುದು ಎರಡು ಬೆರಳಿನಿಂದ ಅರ್ಧ ಬೆರಳಿಗೆ ಇಳಿಯಿತು. ಅದೇ 5 ಸೆಂ.ಮೀ. ಓಡಾಟ, ಆದರೆ ಕೈಗೆ ಅದು ಗಿಡ್ಡವಾಗಿಯೇ ಕಂಡಿತು, ಯಾಕೆಂದರೆ ಮೊದಲು ಆಟದಲ್ಲೇ ಕಳೆದುಹೋಗುತ್ತಿದ್ದ ಒಂದೂವರೆ ಸೆಂ.ಮೀ. ಈಗ ಇರಲಿಲ್ಲ. ಆವತ್ತು ಸಂಜೆ ಸುಮ್ಮನೆ ಗೇರ್ ಹಾಕುವ ಸುಖಕ್ಕೆ ಮೂವತ್ತು ಕಿ.ಮೀ. ಸುತ್ತಿ ಬಂದೆ.

ಕರಕರ ಮಾತ್ರ ಹೋಗಲಿಲ್ಲ. ಸಿಂಕ್ರೊ ಹೋಗಿದೆ, ಗೇರ್‌ಬಾಕ್ಸ್ ಇಳಿಸು ಅಂತ ಎಲ್ಲರದೂ ಒಂದೇ ಮಾತು. ಇಳಿಸಲು ದಿನವನ್ನೂ ಗೊತ್ತು ಮಾಡಿಯಾಗಿತ್ತು. ಹಿಂದಿನ ದಿನ ಕಾರಿನ ಕೆಳಗೆ ಮಲಗಿ ನೋಡುವಾಗ ಕ್ಲಚ್‌ನ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಭಾಗ) ಬೂಟ್ ಒದ್ದೆಯಾಗಿರುವುದು ಕಂಡಿತು. ಮಗಳನ್ನು ಸೀಟಿನಲ್ಲಿ ಕೂರಿಸಿ ಪೆಡಲ್ ಒತ್ತಿಸಿದೆ. ಪುಶ್ ರಾಡ್ ಸುಮಾರು 8 ಮಿ.ಮೀ. ಮಾತ್ರ ಹೊರಬಂತು. ಸಿಲಿಂಡರ್ ಬದಲಿಸಿ, ಹಳೇ ರಬ್ಬರ್ ಹೋಸ್ ತೆಗೆದು ಹೆಣೆದ ಉಕ್ಕಿನದು ಹಾಕಿ, ಗಾಳಿ ತೆಗೆದ ಮೇಲೆ 12ರ ಹತ್ತಿರ ಬಂತು. ಮಾರನೇ ಬೆಳಗಿನ ಚಳಿಯಲ್ಲಿ ಎರಡನೇ ಗೇರ್ ಸದ್ದಿಲ್ಲದೆ ಬಿತ್ತು. ಒಂದು ವರ್ಷ ನಾನು ಲಿವರನ್ನು ಬೈದದ್ದು ಪೂರ್ತಿ ಬಿಡದ ಕ್ಲಚ್ಚಿನ ತಪ್ಪಿಗೆ! ಗೇರ್‌ಬಾಕ್ಸಿಗೆ 2 ಲೀಟರ್ ರೆಡ್‌ಲೈನ್ ಎಂಟಿ-90 ಹಾಕಿದ್ದೂ ಅದೇ ವಾರ. ಅದು 75ಡಬ್ಲ್ಯು-90 ದಪ್ಪದ, ಜಿಎಲ್-4 ದರ್ಜೆಯ ಗೇರ್ ಎಣ್ಣೆ. ಎಣ್ಣೆಯ ಪಾಲೂ ಸ್ವಲ್ಪ ಇರಬಹುದು, ಆದರೆ ನನ್ನ ಲೆಕ್ಕದಲ್ಲಿ ಮುಕ್ಕಾಲು ಪಾಲು ಕ್ಲಚ್ಚಿನದೇ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಎಸ್2000 ಮನಸ್ಸಿನಿಂದ ಹೋಗಿರಲಿಲ್ಲ. 40% ಅಲ್ಲ, 30% ಅಲ್ಲ, 20%ಗಿಂತ ಕೆಳಗೆ ಎಲ್ಲೋ ನನಗೆ ಬೇಕಾದ್ದು ಇದೆ ಅನ್ನಿಸುತ್ತಿತ್ತು. ಅಷ್ಟು ಕಡಿಮೆ ಬದಲಾವಣೆಯ ಕಿಟ್ ನನಗೆ ಎಲ್ಲೂ ಸಿಗಲಿಲ್ಲ.

ಮೊದಲು ಗುಜರಿಯಿಂದ ತಂದ ಲಿವರನ್ನು ಕೆಳಗೆ ಕತ್ತರಿಸಿ 5 ಮಿ.ಮೀ. ತುಂಡು ಸೇರಿಸಿ ವೆಲ್ಡ್ ಮಾಡಿಸಿದೆ. ವೆಲ್ಡಿಂಗ್ ಕಾವಿಗೆ ತುದಿಯ ಗುಂಡು ಒಂದು ಮಿ.ಮೀ. ವಾಲಿತು. ಬೆಂಚಿನ ಮೇಲೆ ಕಣ್ಣಿಗೆ ಕಾಣಲಿಲ್ಲ, ಕಾರಿನಲ್ಲಿ ರಿವರ್ಸ್ ಬೀಳಲೇ ಇಲ್ಲ. ಎರಡನೇ ಸಲವೂ ಅದೇ. ಅಲ್ಲದೆ ವೆಲ್ಡ್ ಮಾಡಿದ ಲಿವರ್ ಓಡುವಾಗ ಮುರಿದರೆ ಏನು ಗತಿ ಎಂಬ ಯೋಚನೆಗೆ ನಿದ್ದೆ ಬರಲಿಲ್ಲ. ಆಗ ಇಎನ್8 ಉಕ್ಕಿನ ಸರಳು ಕೊಟ್ಟು ಇಡೀ ಲಿವರನ್ನು ಒಂದೇ ತುಂಡಿನಲ್ಲಿ ಕಡೆಸಿದೆ. ಲೇಥ್‌ನಲ್ಲಿ ಕೂತ ಹಿರಿಯರು ಹಳೇ ಲಿವರನ್ನು ಎರಡು ದಿನ ಇಟ್ಟುಕೊಂಡು ಅಳೆದೇ ಅಳೆದರು, ಆಮೇಲೆ ಒಂದೇ ಸಲಕ್ಕೆ ಸರಿಯಾಗಿ ಕೊಟ್ಟರು. "ಗುಂಡು ಗುಂಡಗಿರ್ಬೇಕು ಸಾರ್, ಉಳಿದದ್ದು ಬರೀ ಕಡ್ಡಿ" ಅಂದರು. ಅವರ ಕೂಲಿ, ಉಕ್ಕು, ಪಿವೋಟನ್ನು ಎತ್ತರಿಸುವ ಸ್ಪೇಸರ್ ಬಿಲ್ಲೆ ಎಲ್ಲ ಸೇರಿ ಮೊದಲ ಕಿಟ್ಟಿನ ಅರ್ಧಕ್ಕಿಂತ ಕಡಿಮೆಯೇ ಆಯಿತು.

ಈಗಿನ ಅಳತೆ: ಪಿವೋಟ್ 5 ಮಿ.ಮೀ. ಮೇಲೆ, ಕೆಳಭಾಗ 45, ಮೇಲ್ಭಾಗ ನಾಬಿನ ನಡುವಿಗೆ 185. 5ಕ್ಕೆ 1 ಇದ್ದದ್ದು 4.1ಕ್ಕೆ 1. ಓಡಾಟ 4 ಸೆಂ.ಮೀ.ಗೆ ಸ್ವಲ್ಪ ಮೇಲೆ, ಅಂದರೆ ಸುಮಾರು 18% ಕಡಿಮೆ. ತಕ್ಕಡಿಯಲ್ಲಿ 3 ಕಿಲೋ. ಸ್ಪೇಸರನ್ನು ಮೊದಲು ಹಾಗೇ ಕೂರಿಸಿದ್ದೆ, ಒಂದೇ ವಾರಕ್ಕೆ ಅಂಚಿನಿಂದ ಎಣ್ಣೆ ಜಿನುಗಿತು. ಎರಡೂ ಮುಖಕ್ಕೆ ತೆಳ್ಳಗೆ ಸೀಲಂಟ್ ಬೇಕು, ಬೋಲ್ಟೂ ಅಷ್ಟೇ ಉದ್ದ ಹೆಚ್ಚಬೇಕು. ಪಿವೋಟ್ ಮೇಲಿನ ವಾಷರ್ ಅಡಿಗೆ ನಾನು ಒಂದು ತೆಳು ಶಿಮ್ (ಸಂದು ತುಂಬುವ ಬಿಲ್ಲೆ) ಹಾಕಿದ್ದೇನೆ. ಆ ಉಳಿದ ಅರ್ಧ ಬೆರಳಿನ ಆಟ ಹೋದದ್ದು ಅದರಿಂದಲೇ. ಅದರ ದಪ್ಪ, ಯಾವುದರಲ್ಲಿ ಕತ್ತರಿಸಿದ್ದು, ಎರಡನ್ನೂ ಇಲ್ಲಿ ಹೇಳುವುದಿಲ್ಲ. ಹನ್ನೊಂದು ಶಿಮ್ ಹಾಳು ಮಾಡಿ ಕಂಡುಕೊಂಡದ್ದು. ಟರೆಟ್ ಎಣ್ಣೆಗೆ ಬೆರೆಸುವುದೊಂದು ಇದೆ, ಅದೂ ನನ್ನಲ್ಲೇ ಇರಲಿ.

ನಾಬಿನ ಕಥೆ ಬೇರೆಯೇ ಒಂದು. ಮಜ್ದಾ ಥ್ರೆಡ್ 10 ಮಿ.ಮೀ., 1.25 ಪಿಚ್. ಅದೇ ಥ್ರೆಡ್ ಹೊಸ ಲಿವರಿಗೂ ಇಟ್ಟೆ, ಯಾವ ನಾಬ್ ಬೇಕಾದರೂ ಕೂರಲಿ ಎಂದು. ಕಾಲು ಕಿಲೋದಿಂದ ಶುರು ಮಾಡಿ 600 ಗ್ರಾಂ ಉಕ್ಕಿನ ಗುಂಡಿನವರೆಗೆ ಹಾಕಿ ನೋಡಿದೆ. ಭಾರ ಹೆಚ್ಚಾದಷ್ಟು ನಾಬಿನ ಓಟವೇ ಸಿಂಕ್ರೊ ತಡೆಯನ್ನು ತಳ್ಳಿಕೊಡುತ್ತದೆ, ಕೈ ಬಲ ಕಡಿಮೆ ಅನ್ನಿಸುತ್ತದೆ. ಆದರೆ 600 ಗ್ರಾಂ ಇದ್ದಾಗ ಹೊಂಡ ಬಿದ್ದ ರಸ್ತೆಯಲ್ಲಿ ಲಿವರ್ ತಾನೇ ತೂಗಿಕೊಳ್ಳುತ್ತಿತ್ತು, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮುಟ್ಟಲೂ ಆಗುತ್ತಿರಲಿಲ್ಲ. 400 ಗ್ರಾಂ ಹತ್ತಿರದ್ದು, ಹೊರಗೆ ಡೆಲ್ರಿನ್ ಪ್ಲಾಸ್ಟಿಕ್ ಹೊದಿಕೆಯದು, ಅದೇ ಉಳಿಯಿತು. ಆ 3 ಕಿಲೋ ನನ್ನ ಕೈಗೆ ಹಳೇ ಎರಡೂವರೆಯಂತೆಯೇ ಕಾಣುವುದು ಈ ನಾಬಿನಿಂದ.

ಇದೇ ಹುಮ್ಮಸ್ಸಿನಲ್ಲಿ ತಮ್ಮನ ಕೇಬಲ್ ಗೇರಿನ ಹ್ಯಾಚ್‌ಬ್ಯಾಕ್‌ಗೂ ಕೈ ಹಾಕಿದೆ. ಗೇರ್‌ಬಾಕ್ಸ್ ಕಡೆಯ ತೋಳಿನಲ್ಲಿ ಕೇಬಲ್ ಸಿಕ್ಕಿಸುವ ಪಿನ್ನನ್ನು ಒಳಕ್ಕೆ ಸರಿಸಿ ಗಿಡ್ಡ ಮಾಡಿದೆವು. ಹಿಂದೆ ಮುಂದೆ ಚೆನ್ನಾಯಿತು, ಎಡಬಲ ಹಾಳಾಯಿತು. ಮೂರಕ್ಕೆ ಹೋಗಬೇಕಾದದ್ದು ಐದಕ್ಕೆ ಹೋಗುತ್ತಿತ್ತು. ವಾಪಸ್ ಹಳೇ ಪಿನ್ನಿಗೇ ಹಾಕಿ, ಕೇಬಲ್ ತುದಿಯ ರಬ್ಬರ್ ಬುಶ್ ಮಾತ್ರ ಗಟ್ಟಿಯದಕ್ಕೆ ಬದಲಿಸಿದೆವು. ಅಷ್ಟಕ್ಕೇ ಅವನು ಸಂತೋಷ. ಅಲ್ಲಿಯೂ ತೊಂದರೆ ಕೊಟ್ಟದ್ದು ಸಡಿಲದ ಆಟವೇ, ಲಿವರಿನ ಉದ್ದವಲ್ಲ.

ಒಂದು ಕೆಲಸ ಇನ್ನೂ ಬಾಕಿ ಇದೆ. ಆಕ್ಸಿಲರೇಟರ್ ಬಿಟ್ಟಾಗ ಲಿವರ್ ಒಂದು ಸಲ ಮುಂದಕ್ಕೆ ತೂಗುತ್ತದೆ. ಎಂಎಕ್ಸ್-5ರಲ್ಲಿ ಗೇರ್‌ಬಾಕ್ಸನ್ನು ಡಿಫರೆನ್ಷಿಯಲ್‌ಗೆ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಕಟ್ಟುವ ಉದ್ದ ಫ್ರೇಮ್ ಇರುವುದರಿಂದ ಎಂಜಿನ್ ಅಲುಗಿದರೆ ಎಲ್ಲವೂ ಜೊತೆಯಲ್ಲೇ ಅಲುಗುತ್ತದೆ. ಎಂಜಿನ್ ಹಿಡಿದಿರುವ ರಬ್ಬರ್ ಮೌಂಟ್ ಎರಡೂ ಸೋತಿವೆ, ಈ ಮಳೆಗಾಲ ಮುಗಿದ ಮೇಲೆ ಬದಲಿಸಬೇಕು.

ಗೆಳೆಯನ ಲಿವರ್ ಈಗ ಅದೇ ಹಿರಿಯರ ಲೇಥ್ ಮೇಲಿದೆ. ಅವನು ನನಗಿಂತ ಎತ್ತರ, ಸೀಟು ಹಿಂದಕ್ಕೆ ಹಾಕಿ ಕೂರುತ್ತಾನೆ. ಹಾಗಾಗಿ ಮೇಲ್ಭಾಗ 185 ಬದಲು 190 ಇಡಿಸಿದ್ದೇನೆ. ಲಿವರ್ ಮಾಡಿಸುವ ಮೊದಲು ಟರೆಟ್ ಬಿಚ್ಚಿಸಿದೆ. ಅವನದರಲ್ಲೂ ಎಣ್ಣೆ ಇರಲಿಲ್ಲ.